ಮೊದಲ ಸಂಬಳ, ಮೊದಲ ಸಾಲ: ಸೈಟಿಗೋ ಫ್ಲ್ಯಾಟಿಗೋ ಸಹಿ ಹಾಕೋ ಮುಂಚೆ



ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಸೀನಿಯರ್‌ಗಳ ಮನೆಯಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಮೊದಲನೆಯದು, "ಪ್ಯಾಕೇಜ್ ಎಷ್ಟು?" ಎರಡನೆಯದು ಸ್ವಲ್ಪ ದಿನ ಬಿಟ್ಟು ಬರುತ್ತೆ, ಸಾಮಾನ್ಯವಾಗಿ ಮಾವನ ಕಡೆಯಿಂದಲೋ ಚಿಕ್ಕಪ್ಪನ ಕಡೆಯಿಂದಲೋ: "ಹಂಗಾದ್ರೆ ಲೋನ್ ಎಷ್ಟು ಸಿಗುತ್ತಪ್ಪಾ? ನಮ್ಮ ಪರಿಚಯದವರ ಹತ್ರ ಒಂದು ಒಳ್ಳೇ ಸೈಟ್ ಇದೆ." ಇನ್ನೆರಡು ವರ್ಷಕ್ಕೆ ಈ ಪ್ರಶ್ನೆ ನಮಗೂ ಬರುತ್ತದೆ. ಮೂರು ಸೆಮಿಸ್ಟರ್ ಮ್ಯಾಥ್ಸ್ ಓದಿದರೂ ಒಂದು ಇಎಂಐ ಬಿಡಿಸೋದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಓದಿದ್ದರೂ ಒಂದು ಪಹಣಿಯನ್ನು ಕೈಗೆ ಕೊಟ್ಟು ಓದು ಅಂದವರೂ ಇಲ್ಲ.

ಅದಕ್ಕೇ ಈ ಸಲದ ಪಾಠ ಇದು. ಬಾಡಿಗೆಗೆ ಕೊಡೋಕೋ ಮುಂದೆ ಮಾರೋಕೋ ಅಂತ ಒಂದು ಫ್ಲ್ಯಾಟ್ ಅಥವಾ ಸೈಟ್ ತಗೊಳ್ಳುವಾಗ ದುಡ್ಡು ಹೇಗೆ ಹೊಂದಿಸಬೇಕು, ಆಸ್ತಿ ಹೇಗೆ ಹುಡುಕಬೇಕು ಅನ್ನೋದನ್ನು ಹಂತ ಹಂತವಾಗಿ ನೋಡೋಣ. ನಾವು ಹೇಳಬೇಕಾದ್ದು ಒಂದೇ ಮಾತು: ಸಹಿ ಹಾಕೋ ಮುಂಚೆ ಲೆಕ್ಕ ನೀವೇ ಹಾಕಿ, ಕಾಗದ ನೀವೇ ಓದಿ. ಎರಡನ್ನೂ ಬೇರೆಯವರಿಗೆ ಬಿಟ್ಟರೆ ಇಪ್ಪತ್ತು ವರ್ಷದ ಕಂತು ಮಾತ್ರ ನಿಮ್ಮ ಪಾಲಿಗೆ ಉಳಿಯುತ್ತದೆ.

ಉದಾಹರಣೆಗಳನ್ನು ಬೆಂಗಳೂರಿನದ್ದೇ ತಗೊಂಡಿದ್ದೀವಿ. ನಮ್ಮಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗೋದು ಅಲ್ಲಿಗೇ. ನಿಯಮಗಳು ಹುಬ್ಬಳ್ಳಿಗೂ ಮೈಸೂರಿಗೂ ಬಹುತೇಕ ಒಂದೇ. ಇನ್ನೊಂದು ಮಾತು, ಸ್ವಂತ ವಾಸಕ್ಕೆ ಮನೆ ತಗೊಳ್ಳೋದು ಬೇರೆ ವಿಷಯ. ಅಮ್ಮನಿಗೆ ಸ್ವಂತ ಅಡುಗೆಮನೆ ಬೇಕು ಅನ್ನೋ ಆಸೆಗೆ ಪರ್ಸೆಂಟೇಜ್ ಲೆಕ್ಕ ಹಾಕೋಕಾಗಲ್ಲ. ಆದರೆ "ಇನ್ವೆಸ್ಟ್‌ಮೆಂಟ್" ಅಂತ ಹೆಸರಿಟ್ಟ ಮೇಲೆ ಲೆಕ್ಕ ಹಾಕಲೇಬೇಕು.

1. ಬ್ಯಾಂಕ್ ನಮಗೆ ಎಷ್ಟು ಕೊಡುತ್ತೆ?

ಬ್ಯಾಂಕಿನವರು ಮೊದಲು ನೋಡೋದು ತಿಂಗಳಿಗೆ ಕೈಗೆ ಬರೋ ಸಂಬಳ. ಸಿಟಿಸಿ ಅಲ್ಲ, ಪಿಎಫ್, ಟ್ಯಾಕ್ಸ್ ಎಲ್ಲ ಕಳೆದು ಖಾತೆಗೆ ಬೀಳೋ ಹಣ. ಸಾಮಾನ್ಯವಾಗಿ ಎಲ್ಲಾ ಸಾಲದ ಕಂತುಗಳೂ ಸೇರಿ ಅದರ ಅರ್ಧ ದಾಟಬಾರದು ಅಂತ ನೋಡ್ತಾರೆ. ಕೆಲವರು ಇನ್ನೂ ಕಡಿಮೆ ಇಡ್ತಾರೆ.

ಕೈಗೆ 60,000 ರೂಪಾಯಿ ಬರುತ್ತೆ ಅಂದುಕೊಳ್ಳಿ. ಅರ್ಧ ಅಂದ್ರೆ 30,000. ಆದರೆ ನಮ್ಮಲ್ಲಿ ಎಷ್ಟೋ ಜನ ಎಜುಕೇಶನ್ ಲೋನ್ ಮೇಲೆ ಓದ್ತಾ ಇದ್ದೀವಿ. ಅದರ ಕಂತು 10,000 ಇದ್ದರೆ ಮನೆ ಸಾಲಕ್ಕೆ ಉಳಿಯೋದು 20,000 ಮಾತ್ರ. ಬಡ್ಡಿ 8.5%, ಅವಧಿ 20 ವರ್ಷ ಅಂತ ಹಿಡಿದರೆ ಪ್ರತಿ ಒಂದು ಲಕ್ಷ ಸಾಲಕ್ಕೆ ಕಂತು ಸುಮಾರು 868 ರೂಪಾಯಿ. ಹಾಗಾಗಿ 20,000 ರೂಪಾಯಿ ಕಂತಿಗೆ ಸಿಗೋ ಸಾಲ ಸುಮಾರು 23 ಲಕ್ಷ. ಎಜುಕೇಶನ್ ಲೋನ್ ಇಲ್ಲದಿದ್ದರೆ ಸುಮಾರು 34.5 ಲಕ್ಷ. ಈ 868 ಅನ್ನೋ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಬ್ರೋಕರ್ ಎದುರಲ್ಲೂ ನಿಂತಲ್ಲೇ ಲೆಕ್ಕ ಹಾಕಬಹುದು. ಬಡ್ಡಿ ಬೇರೆ ಇದ್ದರೆ ಸಂಖ್ಯೆಯೂ ಬೇರೆ ಆಗುತ್ತೆ, ಅಷ್ಟೇ.

ಎರಡನೆಯದು ಸಿಬಿಲ್ ಸ್ಕೋರ್. ಇದು 300ರಿಂದ 900ರವರೆಗೆ ಇರುತ್ತೆ. ಫುಡ್ ಆ್ಯಪ್‌ನ "ಪೇ ಲೇಟರ್" ಕೂಡ ಸಾಲವೇ. ಮುನ್ನೂರು ರೂಪಾಯಿ ಬಿರಿಯಾನಿಯ ಬಾಕಿ ಕಟ್ಟೋದು ಮರೆತರೆ ಅದೂ ರೆಕಾರ್ಡಿನಲ್ಲಿ ಕೂರಬಹುದು. ಇದು ನಾವು ಇವತ್ತಿನಿಂದಲೇ ಸರಿಯಾಗಿ ಇಟ್ಟುಕೊಳ್ಳಬಹುದಾದ ವಿಷಯ.

2. ಕೈಯಿಂದ ಎಷ್ಟು ಹಾಕಬೇಕು?

"ಲೋನ್ ಆಗುತ್ತೆ ಬಿಡಿ" ಅನ್ನೋರು ಈ ಭಾಗವನ್ನು ಹೇಳೋದೇ ಇಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪೂರ್ತಿ ಬೆಲೆಗೆ ಸಾಲ ಕೊಡುವಂತಿಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಹೆಚ್ಚೆಂದರೆ 90%, 30ರಿಂದ 75 ಲಕ್ಷದವರೆಗೆ 80%, ಅದಕ್ಕೂ ಮೇಲೆ 75%. ಮುದ್ರಾಂಕ ಶುಲ್ಕ, ಅಂದರೆ ಸ್ಟ್ಯಾಂಪ್ ಡ್ಯೂಟಿ, ಮತ್ತು ನೋಂದಣಿ ಖರ್ಚು ಸಾಮಾನ್ಯವಾಗಿ ಈ ಬೆಲೆಯಲ್ಲಿ ಸೇರಲ್ಲ.

ಇಡೀ ಪಾಠಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಅಂಚಿನಲ್ಲಿ ಕಟ್ಟಿ ಮುಗಿದಿರೋ ಒಂದು ಫ್ಲ್ಯಾಟ್, ಬೆಲೆ 60 ಲಕ್ಷ.

ಬ್ಯಾಂಕ್ ಹೆಚ್ಚೆಂದರೆ ಕೊಡೋದು: 48 ಲಕ್ಷ.
ನಾವು ಹಾಕಬೇಕಾದ್ದು: 12 ಲಕ್ಷ.
ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6%: 3.36 ಲಕ್ಷ.
ನೋಂದಣಿ ಶುಲ್ಕ 2%: 1.2 ಲಕ್ಷ. ಇದು 1% ಇತ್ತು, 2025ರ ಆಗಸ್ಟ್ ಕೊನೆಯಿಂದ ಎರಡರಷ್ಟಾಯಿತು.

ಒಟ್ಟು ಕೈಯಿಂದ: 16.56 ಲಕ್ಷ. ಇನ್ನೂ ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಫ್ಯಾನು, ಗೀಸರು, ವಾರ್ಡ್‌ರೋಬು ಯಾವುದೂ ಬಂದಿಲ್ಲ. ಅದೇ ಫ್ಲ್ಯಾಟ್ ಇನ್ನೂ ಕಟ್ಟುತ್ತಿರುವುದಾದರೆ 5% ಜಿಎಸ್‌ಟಿ ಸೇರಿ ಇನ್ನೊಂದು 3 ಲಕ್ಷ. ಕಂಪ್ಲೀಶನ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರಿಗೆ ಕೊಡೋ ಹಣದಲ್ಲಿ 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟೋದು ಕೊಳ್ಳುವವರ ಜವಾಬ್ದಾರಿ. ಇಲ್ಲಿ ಅದು 60,000. ಇದು ಎಕ್ಸ್‌ಟ್ರಾ ಖರ್ಚಲ್ಲ, ಆದರೆ ಮರೆತರೆ ನೋಟಿಸ್ ಬರೋದು ಕೊಂಡವರಿಗೇ.

ಈ 16 ಲಕ್ಷವನ್ನು ಪರ್ಸನಲ್ ಲೋನ್ ಮಾಡಿಯೋ ಅಮ್ಮನ ಒಡವೆ ಅಡ ಇಟ್ಟೋ ಹೊಂದಿಸೋ ಪ್ಲ್ಯಾನ್ ಇದ್ದರೆ ಅಲ್ಲಿಗೇ ನಿಲ್ಲಿಸೋದು ಒಳ್ಳೇದು. ಆಗ ಪೂರ್ತಿ ಬೆಲೆಯೇ ಸಾಲ ಆಯಿತು, ಒಂದು ತಿಂಗಳು ಸಂಬಳ ತಪ್ಪಿದರೂ ಹಿಡಿದುಕೊಳ್ಳೋಕೆ ಏನೂ ಇರಲ್ಲ. ಈ ಮುಂಗಡ ಬಿಟ್ಟು ಕನಿಷ್ಠ ಆರು ತಿಂಗಳ ಕಂತು ಪಕ್ಕಕ್ಕಿರಬೇಕು. ಐಟಿಯಲ್ಲಿ ಲೇಆಫ್ ಅನ್ನೋ ಪದ ನಮಗೆ ಹೊಸದೇನಲ್ಲ.

3. ಇಎಂಐ ಒಳಗೆ ಏನಿದೆ?

48 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ. ಕಂತು 41,656 ರೂಪಾಯಿ. ಮೊದಲ ತಿಂಗಳ ಬಡ್ಡಿ ನೀವೇ ಲೆಕ್ಕ ಹಾಕಿ: 48 ಲಕ್ಷಕ್ಕೆ ವರ್ಷಕ್ಕೆ 8.5%, ಅದನ್ನು 12ರಿಂದ ಭಾಗಿಸಿದರೆ ಸರಿಯಾಗಿ 34,000. ಅಂದರೆ ಮೊದಲ ತಿಂಗಳು ಕಟ್ಟಿದ 41,656ರಲ್ಲಿ ಅಸಲಿಗೆ ಹೋಗೋದು 7,656 ಮಾತ್ರ. ಇಪ್ಪತ್ತು ವರ್ಷದಲ್ಲಿ ಒಟ್ಟು ಕಟ್ಟೋದು 99.97 ಲಕ್ಷ, ಹತ್ತಿರ ಹತ್ತಿರ ಒಂದು ಕೋಟಿ.

ಇದನ್ನು ಹೆದರಿಸೋಕೆ ಹೇಳ್ತಿಲ್ಲ. ಬಡ್ಡಿ ಮೊದಲ ವರ್ಷಗಳಲ್ಲೇ ಜಾಸ್ತಿ ಅಂತ ಗೊತ್ತಾದರೆ ಎರಡು ಕೆಲಸ ಮಾಡಬಹುದು.

ಒಂದು, ಮುಂಚೆಯೇ ಸ್ವಲ್ಪ ಸ್ವಲ್ಪ ಅಸಲು ತೀರಿಸೋದು. ಫ್ಲೋಟಿಂಗ್ ಬಡ್ಡಿಯ ಮನೆ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ವರ್ಷಕ್ಕೆ 12ರ ಬದಲು 13 ಕಂತು ಕಟ್ಟಿದರೆ ಈ ಸಾಲ ಸುಮಾರು 16 ವರೆ ವರ್ಷಕ್ಕೇ ಮುಗಿಯುತ್ತೆ. ಬೋನಸ್ ಬಂದಾಗ ಹೊಸ ಫೋನಿನ ಬದಲು ಒಂದು ಕಂತು, ಮೂರೂವರೆ ವರ್ಷ ಉಳಿತಾಯ.

ಎರಡು, ಬಡ್ಡಿ ಏರಿದಾಗ ಎಚ್ಚರವಾಗಿರೋದು. ಈಗ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಮನೆ ಸಾಲಗಳು ಹೆಚ್ಚಾಗಿ ರೆಪೋ ದರಕ್ಕೆ ಅಂಟಿಕೊಂಡಿವೆ. 8.5% ಇದ್ದದ್ದು ಶುರುವಿನಲ್ಲೇ 9.5% ಆಯಿತು ಅಂದುಕೊಳ್ಳಿ. ಅವಧಿ ಅಷ್ಟೇ ಇಟ್ಟರೆ ಕಂತು ಸುಮಾರು 3,100 ರೂಪಾಯಿ ಏರುತ್ತೆ. ಕಂತು ಅಷ್ಟೇ ಇಟ್ಟರೆ? 20 ವರ್ಷದ ಸಾಲ 25 ವರ್ಷ 8 ತಿಂಗಳಿಗೆ ಹೋಗುತ್ತೆ! "ನಿಮ್ಮ ಇಎಂಐ ಏನೂ ಚೇಂಜ್ ಆಗಿಲ್ಲ ಸರ್" ಅನ್ನೋ ಮಾತಿನ ಹಿಂದೆ ಐದೂವರೆ ವರ್ಷ ಅಡಗಿರಬಹುದು. ಬಡ್ಡಿ ಬದಲಾದಾಗ "ಅವಧಿ ಎಷ್ಟಾಯಿತು?" ಅಂತ ಕೇಳಿ.

ಒಂದು ಎಕ್ಸೆಲ್ ಶೀಟ್ ತೆಗೆದು 240 ಸಾಲು ಎಳೆದು ನೋಡಿ. ಅಸಲು, ಬಡ್ಡಿ, ಬಾಕಿ, ಮೂರೇ ಕಾಲಮ್. ಲ್ಯಾಬ್ ರೆಕಾರ್ಡ್‌ಗಿಂತ ಬೇಗ ಮುಗಿಯುತ್ತೆ.

4. "ಬಾಡಿಗೆಯಲ್ಲೇ ಇಎಂಐ ಕಟ್ಕೊಂಡು ಹೋಗುತ್ತೆ" ನಿಜಾನಾ?

ಅದೇ ಫ್ಲ್ಯಾಟಿಗೆ ತಿಂಗಳಿಗೆ 20,000 ಬಾಡಿಗೆ ಬರುತ್ತೆ ಅನ್ನೋಣ. ವರ್ಷಕ್ಕೆ 2,40,000. ಬೆಲೆಗೆ ಹೋಲಿಸಿದರೆ 4%. ಕೇಳೋಕೆ ಪರವಾಗಿಲ್ಲ. ಈಗ ಕಳೆಯೋಣ. ಬಾಡಿಗೆದಾರರು ಬದಲಾಗುವಾಗ ವರ್ಷಕ್ಕೊಂದು ತಿಂಗಳು ಖಾಲಿ: 20,000. ಮೇಂಟೆನೆನ್ಸ್ ಓನರ್ ತಲೆಗೇ ಬಂದರೆ ತಿಂಗಳಿಗೆ 2,500ರಂತೆ 30,000. ಆಸ್ತಿ ತೆರಿಗೆ, ಪೇಂಟು, ನಲ್ಲಿ ರಿಪೇರಿ ಸೇರಿ 15,000. ಉಳಿದದ್ದು 1,75,000. ನಾವು ಹಾಕಿದ್ದು ನೋಂದಣಿ ಖರ್ಚು ಸೇರಿ 64.56 ಲಕ್ಷ. ಅಂದರೆ ನಿಜವಾದ ಗಳಿಕೆ ಸುಮಾರು 2.7%.

ಕಂತು 41,656, ಕೈಗೆ ಬರೋ ನಿವ್ವಳ ಬಾಡಿಗೆ ತಿಂಗಳಿಗೆ ಸುಮಾರು 14,600. ಉಳಿದ 27,000 ಚಿಲ್ಲರೆ ಪ್ರತಿ ತಿಂಗಳೂ ಸಂಬಳದಿಂದಲೇ ಹೋಗಬೇಕು.

ಹಾಗಾದರೆ ಲಾಭ ಎಲ್ಲಿಂದ? ಬೆಲೆ ಏರಿದರೆ ಮಾತ್ರ. ನಾವು ಒಂದು ಸರಳ ಪರೀಕ್ಷೆ ಇಟ್ಟುಕೊಂಡಿದ್ದೀವಿ: ನಿವ್ವಳ ಬಾಡಿಗೆಯ ಪರ್ಸೆಂಟ್ ಮತ್ತು ವರ್ಷದ ಬೆಲೆ ಏರಿಕೆಯ ಪರ್ಸೆಂಟ್ ಕೂಡಿಸಿದರೆ ಸಾಲದ ಬಡ್ಡಿಗಿಂತ ಜಾಸ್ತಿ ಬರಬೇಕು. ಇಲ್ಲಿ 2.7 ಬಾಡಿಗೆ, 8.5 ಬಡ್ಡಿ. ಹಾಗಾಗಿ ಬೆಲೆ ಪ್ರತಿ ವರ್ಷ ಸರಾಸರಿ 5.8%ಗಿಂತ ಜಾಸ್ತಿ ಏರಲೇಬೇಕು, ಅದೂ ಕಟ್ಟಡ ಹಳೆಯದಾಗುತ್ತಾ ಹೋದರೂ. ಇದು ಮೋಟು ಲೆಕ್ಕವೇ, ಆದರೂ ಸುಳ್ಳು ಭರವಸೆ ಹಿಡಿಯೋಕೆ ಸಾಕು. "ಐದು ವರ್ಷಕ್ಕೆ ಡಬಲ್" ಅಂದ್ರೆ ವರ್ಷಕ್ಕೆ ಹತ್ತಿರ 15% ಏರಿಕೆ. ಅಷ್ಟು ಗ್ಯಾರಂಟಿ ಇದ್ದರೆ ಹೇಳುವವರು ಅದನ್ನು ನಮಗೆ ಯಾಕೆ ಮಾರ್ತಾರೆ ಅಂತ ಒಂದು ಸಲ ಯೋಚಿಸಬೇಕು.

"ಟ್ಯಾಕ್ಸ್ ಉಳಿಯುತ್ತೆ" ಅನ್ನೋದು ಇನ್ನೊಂದು ಹಳೇ ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಅದು ಇಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ಹೊಸ ಪದ್ಧತಿಯಲ್ಲೂ ಬಾಡಿಗೆ ಆದಾಯದಿಂದ ಬಡ್ಡಿ ಕಳೆಯಬಹುದು, ಆದರೆ ನಷ್ಟ ಆದರೆ ಅದನ್ನು ಸಂಬಳದಿಂದ ಕಳೆಯೋಕಾಗಲ್ಲ. ತೆರಿಗೆ ಉಳಿಸೋಕೆ ಅಂತಲೇ ಮನೆ ತಗೊಳ್ಳೋದು ಈಗ ಅರ್ಥವಿಲ್ಲದ ಕೆಲಸ.

ಸೈಟಿಗೆ ಬಾಡಿಗೆಯೇ ಇಲ್ಲ. ಅಲ್ಲಿ ಇಡೀ ಲೆಕ್ಕ ಬೆಲೆ ಏರಿಕೆಯ ಮೇಲೇ ನಿಂತಿರುತ್ತೆ. ಜೊತೆಗೆ ಬೇಲಿ ಹಾಕಬೇಕು, ಆಗಾಗ ಹೋಗಿ ನೋಡ್ಕೊಂಡು ಬರಬೇಕು.

5. ಹುಡುಕೋದು ಹೇಗೆ?

ಬ್ರೋಷರ್‌ನಲ್ಲಿ ಎಲ್ಲವೂ "ಜಸ್ಟ್ ಹತ್ತು ನಿಮಿಷ". ಆ ಹತ್ತು ನಿಮಿಷವನ್ನು ಸೋಮವಾರ ಬೆಳಗ್ಗೆ 9ಕ್ಕೆ ಬಸ್ಸಿನಲ್ಲಿ ಹೋಗಿ ಅಳೆಯಿರಿ. ಭಾನುವಾರ ಅವರ ಕಾರಿನಲ್ಲಿ ಅಲ್ಲ.

ಬಾಡಿಗೆಗೆ ಕೊಡೋ ಉದ್ದೇಶ ಇದ್ದರೆ ಹುಡುಕಾಟ ಬಾಡಿಗೆದಾರರಿಂದಲೇ ಶುರುವಾಗಲಿ. ಆ ಏರಿಯಾದಲ್ಲಿ ಯಾರು ಬಾಡಿಗೆಗೆ ಬರ್ತಾರೆ? ಆಫೀಸು, ಆಸ್ಪತ್ರೆ, ಕಾಲೇಜು ಯಾವುದು ಹತ್ತಿರ? "ಮನೆ ಬಾಡಿಗೆಗೆ ಇದೆ" ಬೋರ್ಡುಗಳು ಎಷ್ಟು ತೂಗಾಡ್ತಿವೆ? ಎರಡು ವಾರ ಬಿಟ್ಟು ಹೋದಾಗಲೂ ಅದೇ ಬೋರ್ಡುಗಳಿದ್ದರೆ ಅರ್ಥ ಮಾಡ್ಕೊಳ್ಳಿ. ಅದೇ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವ ಮೂವರನ್ನು ಮಾತಾಡಿಸಿ. ಓನರ್ ಹೇಳೋ ಬಾಡಿಗೆಗೂ ಅವರು ಕೊಡ್ತಿರೋ ಬಾಡಿಗೆಗೂ ವ್ಯತ್ಯಾಸ ಇರುತ್ತೆ. ಸೆಕ್ಯುರಿಟಿ ಅಣ್ಣನನ್ನು ಕೇಳಿದರೆ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅನ್ನೋದು ತಿಳಿಯುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯ ನೀರಿಗೆ ಪಟ್ಟ ಪಾಡು ನಮಗೆಲ್ಲ ನೆನಪಿದೆ.

ಮಳೆಗಾಲದಲ್ಲಿ ಒಂದು ಸಲ ನೋಡಲೇಬೇಕು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಕರೆತಂದಿದ್ದರು. ನೀರು ತನ್ನ ಹಳೇ ದಾರಿಯನ್ನು ಮರೆಯಲ್ಲ. ದಿಶಾಂಕ್ ಅನ್ನೋ ಸರ್ಕಾರಿ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆರೆದರೆ ಆ ಸ್ಥಳದ ಸರ್ವೆ ನಂಬರ್ ತೋರಿಸುತ್ತೆ, ಪಕ್ಕದಲ್ಲಿ ಕೆರೆ, ಹಳ್ಳ, ಸರ್ಕಾರಿ ಜಮೀನು ಇದೆಯಾ ಅಂತಲೂ ನೋಡಬಹುದು. ಫ್ರೀ ಆ್ಯಪ್, ಇವತ್ತೇ ಹಾಸ್ಟೆಲ್ ಗೇಟ್ ಹತ್ರ ನಿಂತು ಟ್ರೈ ಮಾಡಿ.

"ಮೆಟ್ರೋ ಬರುತ್ತೆ" ಅನ್ನೋ ಮಾತಿಗೆ ಈಗಲೇ ದುಡ್ಡು ಕೊಡಬೇಡಿ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟ್‌ನಲ್ಲಿ, ಹೇಳಿದ ಸಮಯಕ್ಕಿಂತ ಹಲವು ವರ್ಷ ತಡವಾಗಿ. ಮೆಟ್ರೋ ತಡವಾಗಬಹುದು, ಇಎಂಐ ಮಾತ್ರ ತಿಂಗಳ ತಾರೀಕಿಗೆ ಸರಿಯಾಗಿ ಬರುತ್ತೆ.

ಬೆಲೆ ಕೇಳುವಾಗ ಯಾವ ಚದರಡಿ ಅಂತ ಕೇಳಿ. 1,200 ಚದರಡಿ, ಚದರಡಿಗೆ 5,000 ಅಂತ 60 ಲಕ್ಷ ಹೇಳ್ತಾರೆ. ಅದು ಸೂಪರ್ ಬಿಲ್ಟ್-ಅಪ್, ಅಂದರೆ ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೂ ಸೇರಿದ್ದು. ಗೋಡೆಯೊಳಗೆ ನಾವು ಓಡಾಡೋ ಕಾರ್ಪೆಟ್ ಏರಿಯಾ 840 ಇದ್ದರೆ ನಿಜವಾದ ದರ ಚದರಡಿಗೆ 7,143. ಎರಡು ಫ್ಲ್ಯಾಟ್ ಹೋಲಿಸುವಾಗ ಕಾರ್ಪೆಟ್ ಏರಿಯಾದಲ್ಲೇ ಹೋಲಿಸಬೇಕು.

6. ಕಾಗದ ಓದೋದು: ಇಲ್ಲಿ ಕನ್ನಡ ಬರಲೇಬೇಕು

ನಮ್ಮ ಜೊತೆ ಓದೋ ಒಬ್ಬ ಗೆಳತಿಯ ಮನೆಯ ಕಥೆ ಹೇಳಲೇಬೇಕು, ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೀವಿ. ಅವಳ ಅಪ್ಪ ಒಂಬತ್ತು ವರ್ಷದ ಹಿಂದೆ ಊರಾಚೆ 30×40 ಸೈಟ್ ತಗೊಂಡ್ರು. ಉಳಿಸಿದ್ದ ಎಲ್ಲಾ ದುಡ್ಡೂ ಅದಕ್ಕೇ ಹೋಯ್ತು. ಮಗಳ ಇಂಜಿನಿಯರಿಂಗ್ ಹೊತ್ತಿಗೆ ಮಾರಿದರೆ ಫೀಸಿಗೆ ಆಗುತ್ತೆ ಅನ್ನೋ ಲೆಕ್ಕ. ಮಾರೋಕೆ ಹೋದಾಗ ಬಂದ ಎಲ್ಲರೂ ಒಂದೇ ಮಾತು ಹೇಳಿ ವಾಪಸ್ ಹೋದರು: ಇದಕ್ಕೆ ಬ್ಯಾಂಕ್ ಲೋನ್ ಕೊಡಲ್ಲ. ಅವರ ಹತ್ತಿರ ಇದ್ದದ್ದು ನೋಟರಿ ಮಾಡಿಸಿದ ಒಂದು ಕರಾರು, ಒಂದು ಜಿಪಿಎ. ಜಮೀನು ಇನ್ನೂ ಪಹಣಿಯಲ್ಲಿ ಕೃಷಿ ಭೂಮಿ. ಗೆಳತಿ ಈಗ ಎಜುಕೇಶನ್ ಲೋನ್ ಮೇಲೆ ಓದ್ತಿದ್ದಾಳೆ. "ಮಾರಿದ್ರೆ ನಷ್ಟ, ಇಟ್ಕೊಂಡ್ರೆ ಕಷ್ಟ" ಅಂತಾರಂತೆ ಅವಳ ಅಮ್ಮ.

ಆ ಕಾಗದದಲ್ಲಿ ಎಲ್ಲವೂ ಕನ್ನಡದಲ್ಲೇ ಸ್ಪಷ್ಟವಾಗಿ ಬರೆದಿತ್ತು. ಕರ್ನಾಟಕದ ಭೂದಾಖಲೆಗಳು ಬಹುಪಾಲು ಕನ್ನಡದಲ್ಲೇ ಇರ್ತಾವೆ. ಇಂಗ್ಲಿಷ್ ಮೀಡಿಯಂನ ನಾವು ಅದನ್ನು ಪಕ್ಕಕ್ಕಿಟ್ಟು ಬ್ರೋಕರ್ ಬಾಯಲ್ಲಿ ಕೇಳ್ತೀವಿ. ಹಾಗಾಗಿ ಒಂದೊಂದೇ ಪದ ಕಲಿಯೋಣ.

ಕ್ರಯಪತ್ರ: ಮಾರಾಟದ ನೋಂದಾಯಿತ ದಾಖಲೆ. ಉತ್ತರ ಕರ್ನಾಟಕದ ಕಡೆ ಖರೀದಿ ಪತ್ರ ಅಂತಾರೆ. ಇದಿಲ್ಲದೆ ಬರೀ ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ಬರಲ್ಲ. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ.

ಮೂಲಪತ್ರ: ಈಗ ಮಾರುವವರಿಗೆ ಆಸ್ತಿ ಹೇಗೆ ಬಂತು, ಅವರಿಗೆ ಕೊಟ್ಟವರಿಗೆ ಹೇಗೆ ಬಂತು ಅನ್ನೋ ಹಳೆಯ ಪತ್ರಗಳು. ವಕೀಲರು ಸಾಮಾನ್ಯವಾಗಿ 30 ವರ್ಷದ ಸರಪಳಿ ನೋಡ್ತಾರೆ. ಒಂದು ಕೊಂಡಿ ತಪ್ಪಿದರೂ ಪ್ರಶ್ನೆ ಕೇಳಿ.

ಚಕ್ಕುಬಂದಿ: ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ರಸ್ತೆಯೋ ಅಂತ ಬರೆದಿರುತ್ತೆ. ಪತ್ರ ಕೈಯಲ್ಲಿ ಹಿಡಿದು ಜಾಗದಲ್ಲೇ ನಿಂತು ನಾಲ್ಕೂ ಕಡೆ ತಾಳೆ ನೋಡಿ.

ಪಹಣಿ: ಜಮೀನಿನ ಜಾತಕ. ಹುಬ್ಬಳ್ಳಿ-ಧಾರವಾಡದ ಗೆಳೆಯರಿಗೆ ಉತಾರ. ಭೂಮಿ ಪೋರ್ಟಲ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಕಾಣುತ್ತೆ. 9ನೇ ಕಾಲಮ್‌ನಲ್ಲಿ ಯಾರ ಹೆಸರು, 11ನೇ ಕಾಲಮ್‌ನಲ್ಲಿ ಸಾಲ ಅಥವಾ ಬೇರೆಯವರ ಹಕ್ಕು ಇದೆಯಾ ಅಂತ ನೋಡಿ. "ಖರಾಬು" ಅನ್ನೋ ಪದ ಕಂಡರೆ ನಿಲ್ಲಿ. ಬಿ ಖರಾಬು ಅಂದರೆ ರಸ್ತೆ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಭಾಗ, ಅದನ್ನು ಯಾರೂ ಸೈಟ್ ಮಾಡಿ ಮಾರುವಂತಿಲ್ಲ. ಅಳತೆ ಎಕರೆ-ಗುಂಟೆಯಲ್ಲಿ ಇರುತ್ತೆ: 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರಡಿ. 30×40 ಸೈಟ್ ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ.

ಭೂ ಪರಿವರ್ತನೆ: ಕೃಷಿ ಜಮೀನನ್ನು ವಾಸಕ್ಕೆ ಬಳಸೋಕೆ ಸಿಗೋ ಆದೇಶ, ಎಲ್ಲರೂ "ಕನ್ವರ್ಷನ್" ಅಂತಾರೆ. ಇದರ ಜೊತೆಗೆ ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆಯೂ ಬೇಕು. ಎರಡೂ ಇಲ್ಲದ್ದನ್ನೇ "ರೆವಿನ್ಯೂ ಸೈಟ್" ಅನ್ನೋದು. ಬೆಲೆ ಅರ್ಧ ಇರೋದಕ್ಕೆ ಕಾರಣ ಇದೇ.

ಋಣಭಾರ ಪತ್ರ: ಇಸಿ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ಎಲ್ಲ ಇದರಲ್ಲಿ ಬರುತ್ತೆ. ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, 2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾಗಬಹುದು. ನೋಂದಣಿ ಆಗದ ಕರಾರು, ಕೋರ್ಟ್ ಕೇಸು ಇದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಇಸಿ ಕ್ಲಿಯರ್ ಅಂದ ಮಾತ್ರಕ್ಕೆ ಎಲ್ಲ ಕ್ಲಿಯರ್ ಅಲ್ಲ.

ವಂಶವೃಕ್ಷ: ಪಿತ್ರಾರ್ಜಿತ ಆಸ್ತಿಯಾದರೆ ಕುಟುಂಬದಲ್ಲಿ ಯಾರ್ಯಾರು ಇದ್ದಾರೆ ಅನ್ನೋ ಪಟ್ಟಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಾನ ಹಕ್ಕು. ಅಣ್ಣತಮ್ಮಂದಿರು ಸಹಿ ಹಾಕಿ, ಮದುವೆಯಾದ ಅಕ್ಕನ ಸಹಿ ಇಲ್ಲದಿದ್ದರೆ ನಾಳೆ ಕೇಸು ಬರಬಹುದು. ಹಾಗೆಯೇ ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನೇ ಅಂತ ವಿಚಾರಿಸಿ. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಆ ಜಮೀನು ಅವರ ಕೈತಪ್ಪದಿರಲಿ ಅಂತಲೇ ಆ ಕಾಯ್ದೆ ಇರೋದು.

ಖಾತೆ: ತೆರಿಗೆ ಕಟ್ಟೋಕೆ ಪಾಲಿಕೆ ಅಥವಾ ಪಂಚಾಯ್ತಿ ಪುಸ್ತಕದಲ್ಲಿ ಯಾರ ಹೆಸರಿದೆ ಅನ್ನೋ ದಾಖಲೆ. ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗಲ್ಲ. ಬೆಂಗಳೂರಿನಲ್ಲಿ "ಬಿ ಖಾತೆ" ಅಂದರೆ ಅನುಮೋದನೆಯಲ್ಲಿ ಏನೋ ಕೊರತೆ ಇದೆ ಅಂತ ಅರ್ಥ, ಸಾಲವೂ ಕಷ್ಟ. 2024ರ ಕೊನೆಯಿಂದ ಅಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯ.

ಫ್ಲ್ಯಾಟಿಗೆ ಇವುಗಳ ಜೊತೆ ಇನ್ನೆರಡು ನೋಡಬೇಕು. ಮೊದಲನೆಯದು ರೇರಾ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆ ಇರುವ ಪ್ರಾಜೆಕ್ಟ್ ನೋಂದಣಿ ಆಗಿರಲೇಬೇಕು, ಲೇಔಟುಗಳೂ ಸೇರಿ. ಕರ್ನಾಟಕ ರೇರಾ ಪೋರ್ಟಲ್‌ನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ, ಮುಗಿಸೋ ತಾರೀಕು ಏನು, ದೂರುಗಳಿವೆಯಾ ನೋಡಿ. ಕರಾರು ನೋಂದಣಿ ಮಾಡದೆ ಬಿಲ್ಡರ್ 10%ಗಿಂತ ಜಾಸ್ತಿ ಹಣ ಕೇಳುವಂತಿಲ್ಲ. ಎರಡನೆಯದು ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ಕರೆಂಟು, ನೀರಿನ ಸಂಪರ್ಕ ಸಿಗೋದೇ ಕಷ್ಟವಾಯಿತು. "ಓಸಿ ಆಮೇಲೆ ಬರುತ್ತೆ" ಅಂದರೆ ನಮ್ಮ ದುಡ್ಡೂ ಆಮೇಲೆ ಬರಲಿ.

7. ಕೊನೆಯ ಹಂತ: ಯಾವುದು ಮೊದಲು, ಯಾವುದು ಆಮೇಲೆ

ನಾವು ಸೂಚಿಸೋ ಕ್ರಮ ಹೀಗಿದೆ. ಮೊದಲು ಲೆಕ್ಕ. ಆಮೇಲೆ ಜಾಗ ನೋಡೋದು. ಆಮೇಲೆ ಕಾಗದದ ಜೆರಾಕ್ಸ್ ತಗೊಂಡು ನಮ್ಮದೇ ವಕೀಲರಿಗೆ ತೋರಿಸೋದು. ಇದೆಲ್ಲ ಆದ ಮೇಲೆ ಟೋಕನ್ ಅಡ್ವಾನ್ಸ್, ಅದೂ ಚೆಕ್ ಅಥವಾ ಬ್ಯಾಂಕ್ ಮೂಲಕ, "ಕಾಗದ ಸರಿಯಿಲ್ಲದಿದ್ದರೆ ಅಥವಾ ಸಾಲ ಸಿಗದಿದ್ದರೆ ಹಣ ವಾಪಸ್" ಅನ್ನೋ ಸಾಲು ಬರೆಸಿಕೊಂಡು. "ಇವತ್ತೇ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ" ಅಂದರೆ ಆ ಇನ್ನೊಬ್ಬರಿಗೇ ಬಿಟ್ಟುಕೊಡಿ.

ಬ್ಯಾಂಕ್ ಲೋನ್ ಪಾಸ್ ಆಯ್ತು ಅಂದ್ರೆ ಆಸ್ತಿ ಕ್ಲಿಯರ್ ಅಂತ ನಂಬೋರು ಬಹಳ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ದುಡ್ಡು ಸೇಫಾ ಅಂತ. ಮುಂದೆ ಕೇಸಾದರೂ ಕಂತು ನಿಲ್ಲಲ್ಲ. ಹತ್ತಿಪ್ಪತ್ತು ಸಾವಿರ ಉಳಿಸೋಕೆ ಸ್ವಂತ ವಕೀಲರನ್ನು ಬಿಡಬಾರದು.

ಇನ್ನು ನಮ್ಮ ವಯಸ್ಸಿನವರಿಗೇ ಇರುವ ಒಂದು ಪ್ರಶ್ನೆ. ಅಪ್ಪನಿಗೆ ವಯಸ್ಸಾಗಿದೆ, ಸಾಲದ ಅವಧಿ ಸಾಲದು, "ನೀನೂ ಒಂದು ಸಹಿ ಹಾಕು" ಅಂತ ಕೋ-ಅಪ್ಲಿಕೆಂಟ್ ಮಾಡ್ತಾರೆ. ಆ ಸಹಿಯಿಂದ ಪೂರ್ತಿ ಸಾಲಕ್ಕೆ ನಾವೂ ಜವಾಬ್ದಾರರು, ನಮ್ಮ ಸಿಬಿಲ್‌ನಲ್ಲೂ ಅದು ಕೂರುತ್ತೆ. ಮುಂದೆ ಎಂಟೆಕ್‌ಗೋ ಎಂಎಸ್‌ಗೋ ಹೋಗೋ ಆಸೆ ಇದ್ದರೆ, ಒಂದು ಸ್ಟಾರ್ಟಪ್‌ನಲ್ಲಿ ಕಡಿಮೆ ಸಂಬಳಕ್ಕೆ ಸೇರೋ ಮನಸ್ಸಿದ್ದರೆ, ತಿಂಗಳಿಗೆ 41,656 ಅನ್ನೋ ಸಂಖ್ಯೆ ಬೇಡ ಅನ್ನುತ್ತೆ. ಸಹಿ ಹಾಕಲೇಬಾರದು ಅಂತಲ್ಲ. ಎಷ್ಟೋ ಮನೆಗಳಲ್ಲಿ ಅದು ಅಪ್ಪ-ಅಮ್ಮನಿಗೆ ನಾವು ಕೊಡಬಹುದಾದ ದೊಡ್ಡ ಆಸರೆ. ಆದರೆ ಮನೆಯವರ ಜೊತೆ ಕೂತು ಈ ಲೆಕ್ಕ ಹಾಕಿ, ನಮ್ಮ ಪ್ಲ್ಯಾನನ್ನೂ ಬಾಯಿಬಿಟ್ಟು ಹೇಳಿ ಆಮೇಲೆ ಹಾಕೋಣ. ಆಸ್ತಿ ಕಾಗದದಲ್ಲೂ ನಮ್ಮ ಹೆಸರು ಇರುತ್ತಾ ಅಂತ ಕೇಳೋದು ದುರಾಸೆಯೂ ಅಲ್ಲ, ಅವಮರ್ಯಾದೆಯೂ ಅಲ್ಲ.

ಈಗ ಹೋಂವರ್ಕ್. ಈ ರಜೆಗೆ ಊರಿಗೆ ಹೋದಾಗ ಬೀರುವಿನಲ್ಲಿರೋ ನಿಮ್ಮ ಮನೆಯ ಅಥವಾ ಜಮೀನಿನ ಪತ್ರವನ್ನು ಹೊರಗೆ ತೆಗೆಸಿ. ಅಜ್ಜನೋ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತಿರಲಿ. ಚಕ್ಕುಬಂದಿ ಹುಡುಕಿ, ಜೋರಾಗಿ ಓದಿ. ಅರ್ಥವಾಗದ ಪದ ಬರೆದುಕೊಂಡು ಬನ್ನಿ, ಕನ್ನಡ ಕೂಟದ ಮುಂದಿನ ಸಭೆಯಲ್ಲಿ ಕೂತು ಒಟ್ಟಿಗೇ ಬಿಡಿಸೋಣ.